ಸಂಶೋಧನೆಯ ಹಣ ಯಾರದು?

“ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ” ಎಂಬ ಗಾದೆಯನ್ನು ಅರಿಯದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ಇರಲಾರನು. ಉಳಿತಾಯದ ಮಹಿಮೆಯನ್ನು ಹೇಳುವಾಗ ಉಪಾಧ್ಯಾಯರು ಇದನ್ನು ಉದಾಹರಿಸುವುದುಂಟು. ಆದರೆ ವಿಜ್ಞಾನದ ಸಂಶೋಧನೆಯೂ ಇದೇ ಗಾದೆಯನ್ನು ಆಧರಿಸಿ ನಡೆಯತಕ್ಕದ್ದೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ವಿಜ್ಞಾನಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುವು ಗಾಜಿನ ಕೊಳವೆ, ಸೂಕ್ಷ್ಮದರ್ಶಕ ಯಂತ್ರ, ಆಕಾಶಕ್ಕೇರುವ ರಾಕೆಟ್ಟು. ಆ ಕೊಳವೆಯನ್ನು ಕೊಂಡವರು ಯಾರು? ವಿಜ್ಞಾನಿಯ ಮನೆಯ ಒಲೆ ಉರಿಯುವುದು ಯಾರ ಹಣದಿಂದ? ಹತ್ತು ವರ್ಷ ದುಡಿದರೂ ಫಲ ಕಾಣದಿದ್ದರೆ ಆ ನಷ್ಟವನ್ನು ಹೊರುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನರಸಿ ದೆಹಲಿಗಾಗಲಿ ಬೆಂಗಳೂರಿಗಾಗಲಿ ಹೋಗಬೇಕಾಗಿಲ್ಲ. ಆಲೂರು, ಆದವಾನಿಗಳ ಹತ್ತಿಯ ಹೊಲದಲ್ಲಿಯೂ ಹಗರಿ ನದಿಯ ದಂಡೆಯಲ್ಲಿಯೂ ಅವಕ್ಕೆ ಉತ್ತರವು ದೊರೆಯುತ್ತದೆ. ಮೊದಲು ಅದನ್ನು ನೋಡಿ, ಅನಂತರ ಇಂದಿನ ಸರಕಾರದ ಧೋರಣೆಯನ್ನು ವಿಚಾರಿಸೋಣ.

ನಮ್ಮ ನೆಲ, ನಮ್ಮ ಮಳೆ

ನಮ್ಮ ಸೀಮೆಯಲ್ಲಿ ಎರೆಯ ನೆಲವು ವಿಶೇಷ. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಬಂದಾಗ ಮೇಲ್ಪದರವು ಅಂಟಾಗಿ ಮುಚ್ಚಿಕೊಂಡು, ನೀರನ್ನು ಕುಡಿಯುವುದಕ್ಕಿಂತ ಹೊರಕ್ಕೆ ಹರಿಯಬಿಡುವುದೇ ಹೆಚ್ಚು. ಪಶ್ಚಿಮದ ಮುಂಗಾರು ಸಹ್ಯಾದ್ರಿಯಲ್ಲಿ ತನ್ನ ಭಾರವನ್ನಿಳಿಸಿ ಇಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ಪೂರ್ವದ ಹಿಂಗಾರು ಕರಾವಳಿಯನ್ನು ತೋಯಿಸಿ, ಇಲ್ಲಿಗೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಹೀಗೆ ಎರಡು ಮಳೆಗಳ ನಡುವೆ ನಿಂತು ಎರಡರಿಂದಲೂ ತೃಪ್ತಿ ಕಾಣದ ನಾಡು ನಮ್ಮದು. ಜೋಳ, ನವಣೆ, ಹತ್ತಿ, ಕಡಲೆ, ಕುಸುಬೆಗಳನ್ನು ನಮ್ಮ ಹಿರಿಯರು ಆರಿಸಿಕೊಂಡುದು ರುಚಿಯೊಂದಕ್ಕಾಗಿಯೇ ಅಲ್ಲ. ಅಲ್ಪ ಮಳೆಯಲ್ಲಿ ಬದುಕಬಲ್ಲ ಪೈರುಗಳು ಇವೇ ಆದುದರಿಂದ.

೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ಭಾರತದಲ್ಲಿ ಘೋರವಾದ ಕ್ಷಾಮವುಂಟಾಯಿತು. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ಹಿರಿಯರು ಬಹುಕಾಲ ನೆನೆದು ನಡುಗುತ್ತಿದ್ದರು. ಆಲೂರು, ಆದವಾನಿಗಳು ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯು ಅತಿ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲೊಂದು. ಕ್ಷಾಮದ ತರುವಾಯ ನೇಮಕವಾದ ಆಯೋಗವು ೧೮೮೦ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಹಸಿದವರಿಗೆ ಗಂಜಿ ಹಾಕುವುದರಿಂದಲೇ ಸರಕಾರದ ಕರ್ತವ್ಯವು ಮುಗಿಯುವುದಿಲ್ಲ, ಬೇಸಾಯವನ್ನು ಅರಿತು ಸುಧಾರಿಸಲು ಪ್ರತಿಯೊಂದು ಪ್ರಾಂತ್ಯದಲ್ಲಿಯೂ ವ್ಯವಸಾಯ ಇಲಾಖೆ ಇರಬೇಕು ಎಂಬುದು ಅದರ ಸೂಚನೆಗಳ ತಿರುಳುಗಳಲ್ಲೊಂದು. ಮದ್ರಾಸು ಪ್ರಾಂತ್ಯದಲ್ಲಿ ೧೮೮೨ರಲ್ಲಿ ಅಂತಹ ಇಲಾಖೆಯು ಹುಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಗೆ ಪೂರ್ವದಲ್ಲಿ, ಹಗರಿ ನದಿಯ ಸಮೀಪದಲ್ಲಿ, ಸರಕಾರದ ವ್ಯವಸಾಯ ಪ್ರಯೋಗ ಕ್ಷೇತ್ರವು ನೆಲೆಗೊಂಡಿತು. ಗುಂತಕಲ್ಲಿನಿಂದ ಬಳ್ಳಾರಿಗೆ ರೈಲಿನಲ್ಲಿ ಹೋದವರು ಹಗರಿಯ ಸೇತುವೆಯನ್ನೂ ಹಗರಿ ನಿಲ್ದಾಣವನ್ನೂ ನೋಡಿಯೇ ಇರುತ್ತಾರೆ. ವೇದಾವತಿಯೆಂದೂ ಹೆಸರುಳ್ಳ ಈ ನದಿ ಬಳ್ಳಾರಿ, ಆಲೂರು ಸೀಮೆಗಳನ್ನು ಹಾದು ತುಂಗಭದ್ರೆಯನ್ನು ಸೇರುತ್ತದೆ.

ಅಂಡಿಗೆಗೆ ಎರಡಾಣೆ

ಆದವಾನಿಯು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಬಳ್ಳಾರಿ, ಕರ್ನೂಲು, ಅನಂತಪುರ ಭಾಗಗಳಲ್ಲಿ ಬೆಳೆಯುತ್ತಿದ್ದ ನಾಡಹತ್ತಿಗೆ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂದೂ, ನಂದ್ಯಾಲದ ಕಡೆಯ ಹತ್ತಿಗೆ ‘ನಾರ್ದರ್ನ್ಸ್’ ಎಂದೂ ಹೆಸರಿದ್ದಿತು. ಅರಳೆಯನ್ನು ಯಂತ್ರದಲ್ಲಿ ಒತ್ತಿ ಅಂಡಿಗೆಗಳಾಗಿ, ಅಂದರೆ ಬೇಲುಗಳಾಗಿ, ಕಟ್ಟಿ ಗಿರಣಿಗಳಿಗೂ ಬಂದರುಗಳಿಗೂ ಕಳುಹಿಸುತ್ತಿದ್ದರು.

ಆ ಕಾಲದಲ್ಲಿ ಭಾರತದ ಹತ್ತಿಯ ಎಳೆ ಗಿಡ್ಡವಾದುದೆಂದೂ ಬೆರಕೆಯುಳ್ಳದ್ದೆಂದೂ ದೂರಿತ್ತು. ಇದನ್ನು ಸರಿಪಡಿಸುವ ಸಲುವಾಗಿ ೧೯೨೧ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿಯು ಸ್ಥಾಪಿತವಾಯಿತು. ಸಮಿತಿಯೇನೋ ಹುಟ್ಟಿತು, ಅದಕ್ಕೆ ಹಣವೆಲ್ಲಿಂದ? ೧೯೨೩ರಲ್ಲಿ ಹತ್ತಿಯ ಮೇಲೆ ಒಂದು ಸಣ್ಣ ಸುಂಕವನ್ನು ವಿಧಿಸುವ ಶಾಸನವಾಯಿತು. ಹೊರದೇಶಕ್ಕೆ ಹೋಗುವ ಅಥವಾ ನಮ್ಮ ಗಿರಣಿಗಳಲ್ಲಿ ನೂಲಾಗುವ ಹತ್ತಿಯ ಮೇಲೆ, ೪೦೦ ಪೌಂಡಿನ ಅಂಡಿಗೆಯೊಂದಕ್ಕೆ ಎರಡಾಣೆ. ಮೊದಲ ಮೂರು ವರ್ಷಗಳಿಗೆ ಮಾತ್ರ ನಾಲ್ಕಾಣೆ. ಹೀಗೆ ಬಂದ ಹಣವು ಹತ್ತಿಯ ಸುಧಾರಣೆಗೂ ಸಂಶೋಧನೆಗೂ ಮಾತ್ರವೇ ವಿನಿಯೋಗವಾಗಬೇಕು.

ಈಗಿನ ಮಕ್ಕಳಿಗೆ ಆಣೆಯ ಲೆಕ್ಕ ತಿಳಿಯದು. ಹದಿನಾರಾಣೆಗೆ ಒಂದು ರೂಪಾಯಿ. ಆದುದರಿಂದ ಎರಡಾಣೆಯೆಂದರೆ ರೂಪಾಯಿಯ ಎಂಟರಲ್ಲೊಂದು ಪಾಲು. ಸುಮಾರು ೧೮೧ ಕಿಲೋಗ್ರಾಮ್ ತೂಗುವ ಅಂಡಿಗೆಯ ಮೇಲೆ ಇದು ಕಣ್ಣಿಗೆ ಬೀಳದಷ್ಟು ಅಲ್ಪ. ಆದರೆ ಒಂದು ಲಕ್ಷ ಅಂಡಿಗೆಗಳಿಗೆ ೧೨,೫೦೦ ರೂಪಾಯಿ. ಹತ್ತು ಲಕ್ಷ ಅಂಡಿಗೆಗಳಿಗೆ ೧,೨೫,೦೦೦ ರೂಪಾಯಿ! ಹನಿಗೂಡಿ ಹಳ್ಳವಾಗುವುದೆಂದರೆ ಇದೇ. ಈ ಹಣದಿಂದ ೧೯೨೪ರಲ್ಲಿ ಮುಂಬಯಿಯ ಮಾತುಂಗದಲ್ಲಿ ಹತ್ತಿಯ ಎಳೆಯನ್ನು ಅಳೆದು, ನೂತು ಪರೀಕ್ಷಿಸುವ ಪ್ರಯೋಗಶಾಲೆಯು ಪ್ರಾರಂಭವಾಯಿತು. ಇಂದೂರಿನ ಸಸ್ಯಸಂಶೋಧನ ಸಂಸ್ಥೆಗೂ ಪ್ರಾಂತ್ಯಗಳ ತಳಿಶೋಧನೆಯ ಕಾರ್ಯಕ್ಕೂ ಸಹಾಯ ದೊರೆಯಿತು. ಹಗರಿಯ ಕ್ಷೇತ್ರದಲ್ಲಿ ವೆಸ್ಟರ್ನ್ಸ್ ಹತ್ತಿಯಿಂದ ಆರಿಸಿ ಬೆಳೆಸಿದ ತಳಿಗೆ ‘ಹಗರಿ ೧’ ಎಂದೇ ಹೆಸರಾಯಿತು.

ಗಮನಿಸಿರಿ: ಆದವಾನಿಯ ಪೇಟೆಯಲ್ಲಿ ಹತ್ತಿಯನ್ನು ಮಾರಿ ಬಂದ ಒಕ್ಕಲಿಗನು ತಾನು ವಿಜ್ಞಾನಕ್ಕೆ ಕಾಣಿಕೆ ಕೊಟ್ಟೆನೆಂದು ತಿಳಿದಿರಲಾರನು. ಸುಂಕವನ್ನು ಕಟ್ಟುತ್ತಿದ್ದವನು ಗಿರಣಿಯವನೋ ರಫ್ತಿನ ವ್ಯಾಪಾರಿಯೋ ಆಗಿದ್ದನು. ಆದರೆ ಅಂತಹ ಸುಂಕವು ಕಡೆಗೆ ಬೆಳೆದವನಿಗೆ ಸಿಗುವ ಬೆಲೆಯಲ್ಲಿಯೋ ಕೊಳ್ಳುವವನು ತೆರುವ ಬೆಲೆಯಲ್ಲಿಯೋ ಸೇರಿಹೋಗುವುದು ಸಹಜ. ಆದುದರಿಂದ ಆ ಪ್ರಯೋಗಶಾಲೆಯ ಗೋಡೆಯಲ್ಲಿ ನಮ್ಮ ಸೀಮೆಯ ರೈತನದೂ ಒಂದು ಇಟ್ಟಿಗೆಯುಂಟೆಂದು ಹೇಳಿದರೆ ತಪ್ಪಾಗದು.

ಹಗರಿಯಲ್ಲಿ ನಡೆದ ಪ್ರಯೋಗ

ಹತ್ತಿಗೆ ಸುಂಕವಿತ್ತು. ಪೇಟೆಗೆ ಹೋಗದೆ ಮನೆಯ ಹಗೇವಿನಲ್ಲಿಯೇ ಉಳಿಯುವ ಜೋಳಕ್ಕೆ, ನವಣೆಗೆ ಯಾರು ಹಣ ಕೊಡಬೇಕು? ೧೯೨೬ರಲ್ಲಿ ನೇಮಕವಾಗಿ ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ಕೃಷಿ ವಿಷಯಕ ರಾಜ ಆಯೋಗವು ಈ ಪ್ರಶ್ನೆಯನ್ನು ದೀರ್ಘವಾಗಿ ಪರಿಶೀಲಿಸಿತು. ಸಂಶೋಧನೆಗಾಗಿಯೇ ಒಂದು ಅಖಿಲ ಭಾರತ ಪರಿಷತ್ತಿರಬೇಕು, ಅದರ ಕೈಯಲ್ಲಿ ೫೦ ಲಕ್ಷ ರೂಪಾಯಿಗಳ ನಿಧಿಯಿರಬೇಕು ಎಂದು ಅದು ಶಿಫಾರಸು ಮಾಡಿತು. ಸರಕಾರವು ಅಷ್ಟನ್ನೂ ಕೊಡಲಿಲ್ಲ. ಮೊದಲಿಗೆ ೨೫ ಲಕ್ಷವನ್ನೂ, ಆಮೇಲೆ ವರ್ಷಕ್ಕೆ ೭ ಲಕ್ಷ ೨೫ ಸಾವಿರವನ್ನೂ ಕೊಡುವುದೆಂದೂ, ವಾರ್ಷಿಕ ಹಣದಲ್ಲಿ ೫ ಲಕ್ಷವು ಸಂಶೋಧನೆಗೇ ಮೀಸಲೆಂದೂ ನಿಶ್ಚಯಿಸಿತು. ಹೀಗೆ ೧೯೨೯ರ ಜುಲೈ ೧೬ರಂದು ಸ್ಥಾಪಿತವಾದ ಸಾಮ್ರಾಜ್ಯ ಕೃಷಿ ಸಂಶೋಧನಾ ಪರಿಷತ್ತೇ ಸ್ವಾತಂತ್ರ್ಯಾನಂತರದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು. ೧೯೪೦ರಲ್ಲಿ ರಫ್ತಾಗುವ ಕೆಲವು ಕೃಷಿ ಪದಾರ್ಥಗಳ ಬೆಲೆಯ ಮೇಲೆ ನೂರಕ್ಕೆ ಅರ್ಧದಂತೆ ಸುಂಕವನ್ನು ಹಾಕಿ ಈ ಪರಿಷತ್ತಿಗೆ ಇನ್ನೊಂದು ಆದಾಯವನ್ನೂ ಏರ್ಪಡಿಸಿದರು.

ಈ ಪರಿಷತ್ತು ಕೈಗೊಂಡ ಮೊದಲ ಕಾರ್ಯಗಳಲ್ಲಿ ಒಣಬೇಸಾಯದ ಸಂಶೋಧನೆಯು ಒಂದು. ೧೯೩೩ರಿಂದ ೧೯೩೫ರೊಳಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹತಕ್ ಮತ್ತು ನಮ್ಮ ಹಗರಿ, ಈ ಐದು ಕಡೆಗಳಲ್ಲಿ ಪರಿಷತ್ತಿನ ಧನಸಹಾಯದಿಂದ ಪ್ರಯೋಗಗಳು ಆರಂಭವಾದುವು. ಆಗ ಸೊಲ್ಲಾಪುರ, ಬಿಜಾಪುರಗಳು ಮುಂಬಯಿ ಪ್ರಾಂತ್ಯದವು, ರಾಯಚೂರು ನಿಜಾಮರ ಹೈದರಾಬಾದಿನದು, ರೋಹತಕ್ ಪಂಜಾಬಿನದು, ಹಗರಿಯು ಮದ್ರಾಸಿನದು. ಆಡಳಿತಗಳು ಬೇರೆ ಬೇರೆಯಾಗಿದ್ದರೂ ಬರವು ಒಂದೇ ಆಗಿದ್ದುದರಿಂದ ಸಂಶೋಧನೆಯನ್ನು ಒಂದೇ ಎಂದು ಭಾವಿಸಿದರು. ಮಳೆಯ ನೀರು ಹೊಲದಿಂದ ಎಷ್ಟು ಹರಿದುಹೋಗುತ್ತದೆ, ಅದರೊಡನೆ ಮಣ್ಣು ಎಷ್ಟು ಹೋಗುತ್ತದೆ, ಉಳಿದ ತೇವವು ನೆಲದಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ವರ್ಷ ವರ್ಷವೂ ಅಳೆದು ಬರೆದಿಟ್ಟರು.

ಇದರಿಂದ ತಿಳಿದುಬಂದ ಸಂಗತಿಗಳು ಕೇಳಲು ಸರಳವಾದುವು. ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಒಡ್ಡುಗಳನ್ನು ಹಾಕಬೇಕು. ಪ್ರತಿವರ್ಷ ಬೇಡ, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉಳಬೇಕು. ಮೇಲ್ಮಣ್ಣು ಬಿರಿಯದಂತೆ ಆಗಾಗ ಕುಂಟೆ ಹೊಡೆಯಬೇಕು. ಏಕೆಂದರೆ ಬಿರುಕಿನ ದಾರಿಯಿಂದಲೇ ತೇವವು ಹೊರಟುಹೋಗುತ್ತದೆ. ಕೊಟ್ಟಿಗೆಯ ಗೊಬ್ಬರವನ್ನು ಹಾಕಬೇಕು. ತೇವವು ಅಲ್ಪವಾದ ಕಡೆ ಬೀಜವನ್ನು ತೆಳುವಾಗಿ, ಸಾಲುಗಳನ್ನು ಅಗಲವಾಗಿ ಬಿತ್ತಬೇಕು.

ಫಲವೇನಾಯಿತು? ಇಲ್ಲಿ ಸತ್ಯವನ್ನು ಮರೆಮಾಚಬಾರದು. ಈ ಕ್ರಮಗಳಿಂದ ಇಳುವರಿಯು ನೂರಕ್ಕೆ ಸುಮಾರು ೧೫ರಿಂದ ೨೦ರಷ್ಟು ಮಾತ್ರ ಹೆಚ್ಚಿತು. ಮೊದಲೇ ಅಲ್ಪವಾಗಿದ್ದ ಬೆಳೆಗೆ ಇಷ್ಟು ಸೇರಿದರೆ, ಸಾಲದಲ್ಲಿರುವ ರೈತನಿಗೆ ಒಡ್ಡು ಹಾಕಿದ ಕೂಲಿಯೂ ಗಿಟ್ಟುವುದು ಕಷ್ಟ. ಹೊಸ ಕ್ರಮಕ್ಕೆ ತಕ್ಕ ಹೊಸ ತಳಿಗಳಾಗಲಿ ಸಾಕಷ್ಟು ಗೊಬ್ಬರವಾಗಲಿ ಆಗ ಇರಲಿಲ್ಲ. ಆದುದರಿಂದ ಈ ಪದ್ಧತಿಯು ಊರೂರಿಗೆ ಹಬ್ಬಲಿಲ್ಲ. ಸುಮಾರು ಹತ್ತು ವರ್ಷ ನಡೆದು ಆ ಯೋಜನೆಯು ಮುಗಿಯಿತು.

ಹಾಗಾದರೆ ಹಣವು ನೀರಿನಲ್ಲಿ ಹೋಮವಾಯಿತೇ? ಇಲ್ಲ. ಮಣ್ಣು ಕೊಚ್ಚಿಹೋಗುವುದೇ ಬರದ ನಾಡಿನ ದೊಡ್ಡ ಶತ್ರುವೆಂಬುದು ಅಳತೆಯಿಂದ ಸ್ಥಿರಪಟ್ಟಿತು. ೧೯೫೪ರಲ್ಲಿ ಕೇಂದ್ರ ಸರಕಾರವು ಬಳ್ಳಾರಿಯಲ್ಲಿ ಮಣ್ಣಿನ ಸಂರಕ್ಷಣೆಯ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ೧೯೭೦ರಲ್ಲಿ ಒಣಬೇಸಾಯಕ್ಕಾಗಿ ಅಖಿಲ ಭಾರತ ಸಮನ್ವಯ ಯೋಜನೆಯು ಹೈದರಾಬಾದಿನಿಂದ ನಡೆಯತೊಡಗಿತು. ಬಳ್ಳಾರಿ, ಬಿಜಾಪುರ, ಅನಂತಪುರಗಳು ಅದರ ಕೇಂದ್ರಗಳಲ್ಲಿ ಸೇರಿದುವು. ೧೯೮೫ರಲ್ಲಿ ಹೈದರಾಬಾದಿನಲ್ಲಿ ಒಣಬೇಸಾಯದ ಕೇಂದ್ರ ಸಂಶೋಧನ ಸಂಸ್ಥೆಯೇ ನಿಂತಿತು. ಹಿಂದಿನವರು ಎಲ್ಲಿ ನಿಂತರೋ ಅಲ್ಲಿಂದ ಮುಂದಿನವರು ಹೊರಟರು. ಒಂದು ಪ್ರಯೋಗವು “ಇಷ್ಟರಿಂದ ಸಾಲದು” ಎಂದು ಹೇಳಿದರೆ ಅದೂ ಒಂದು ಉತ್ತರವೇ.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯು ಒಡೆದು, ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೂ ಬಳ್ಳಾರಿಯ ಕಡೆಯ ಭಾಗವು ಮೈಸೂರಿಗೂ ಸೇರಿದುವು. ಹಗರಿಯ ಪ್ರಯೋಗ ಕ್ಷೇತ್ರವು ಗಡಿಯ ಆಚೆಗೆ ಉಳಿಯಿತು. ಅದು ಈಗ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆದರೆ ಎರೆಯ ನೆಲಕ್ಕೆ ಗಡಿಯ ಕಲ್ಲು ಗೊತ್ತಿಲ್ಲ. ಹಗರಿಯಲ್ಲಿ ಕಂಡುಕೊಂಡ ಸತ್ಯವು ಆಲೂರಿನ ಹೊಲಕ್ಕೂ ಸಲ್ಲುತ್ತದೆ. ನಂದ್ಯಾಲದಲ್ಲಿ ಕಂಡುದು ಸಿರುಗುಪ್ಪಕ್ಕೂ ಸಲ್ಲುತ್ತದೆ.

ಮಾರಲಾಗದ ವಿದ್ಯೆ

ಇಲ್ಲಿ ಒಬ್ಬ ಬುದ್ಧಿವಂತ ವಿದ್ಯಾರ್ಥಿಯು ಕೇಳಬಹುದು: “ಸಂಶೋಧನೆಯಿಂದ ಲಾಭವಿದ್ದರೆ ವ್ಯಾಪಾರಿಗಳೇ ಹಣ ಹಾಕಿ ಮಾಡಿಸಬಾರದೇಕೆ? ಸರಕಾರವೇಕೆ ನಡುವೆ ಬರಬೇಕು?” ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಉದಾಹರಣೆಗಳನ್ನು ಹೋಲಿಸಿ ನೋಡೋಣ.

೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ‘ವರಲಕ್ಷ್ಮಿ’ ಎಂಬ ಮಿಶ್ರತಳಿಯ ಹತ್ತಿಯನ್ನು ಹೊರತಂದರು. ಮಿಶ್ರತಳಿಯ ಗುಣವೇನೆಂದರೆ, ಬೆಳೆದ ಗಿಡದ ಬೀಜವನ್ನೇ ಮರಳಿ ಬಿತ್ತಿದರೆ ಮೊದಲಿನ ಸತ್ತ್ವವು ಬರುವುದಿಲ್ಲ; ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಬೇಕು. ಆದುದರಿಂದ ಬೀಜವನ್ನು ಮಾರುವವನಿಗೆ ಲಾಭವುಂಟು. ಇಂತಹ ಸಂಶೋಧನೆಯ ಮುಂದಿನ ಹೆಜ್ಜೆಗಳಿಗೆ ಖಾಸಗಿ ವ್ಯಾಪಾರಿಗಳೂ ಹಣ ಹೂಡುತ್ತಾರೆ.

ಈಗ ಒಡ್ಡಿನ ವಿಚಾರವನ್ನು ತೆಗೆದುಕೊಳ್ಳಿರಿ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿದರೆ ತೇವ ನಿಲ್ಲುತ್ತದೆಂಬುದನ್ನು ಒಬ್ಬನು ವರ್ಷಗಟ್ಟಲೆ ದುಡಿದು ಕಂಡುಹಿಡಿದನೆನ್ನೋಣ. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನೋಡಿ ಮರುದಿನವೇ ತನ್ನ ಹೊಲದಲ್ಲಿಯೂ ಅದನ್ನು ಮಾಡಬಲ್ಲನು. ಕಂಡುಹಿಡಿದವನಿಗೆ ಒಂದು ಕಾಸೂ ಬಾರದು. ಆದುದರಿಂದ ಯಾವ ವ್ಯಾಪಾರಿಯೂ ಅದಕ್ಕೆ ಹಣ ಹಾಕಲಾರನು. ಆದರೆ ಊರಿಗೆ ಅದರಿಂದ ಆಗುವ ಉಪಕಾರವು ಬೀಜದಿಂದಾಗುವ ಉಪಕಾರಕ್ಕೆ ಕಡಮೆಯೇ? ಯಾವ ವಿದ್ಯೆಯನ್ನು ಮಾರಲಾಗದೋ, ಯಾವುದು ಎಲ್ಲರಿಗೂ ಪುಕ್ಕಟೆಯಾಗಿ ಹರಡುತ್ತದೆಯೋ, ಅದಕ್ಕೆ ಎಲ್ಲರೂ ಕೂಡಿಯೇ ಹಣ ಕೊಡಬೇಕು. ಎಲ್ಲರೂ ಕೂಡಿ ಕೊಡುವ ಹಣಕ್ಕೇ ಸರಕಾರದ ಹಣವೆಂದು ಹೆಸರು. ಊರ ಕೆರೆಯನ್ನು ಊರೇ ಕಟ್ಟಬೇಕೆಂಬ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ.

ದಾನಿಯ ಕೈ, ರಾಜ್ಯದ ಕೈ

ದಾನಧರ್ಮಕ್ಕೂ ಇಲ್ಲಿ ಸ್ಥಾನವುಂಟು. ೧೮೯೮ರಲ್ಲಿ ಜಮಶೇಟಜಿ ಟಾಟಾರವರು ಉನ್ನತ ವಿಜ್ಞಾನದ ಸಂಸ್ಥೆಯೊಂದಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಕೊಡುವುದಾಗಿ ಮುಂದೆ ಬಂದರು. ಸಂಸ್ಥೆಯನ್ನು ಕಾಣದೆಯೇ ೧೯೦೪ರಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ೩೭೧ ಎಕರೆ ನೆಲವನ್ನು ಕೊಟ್ಟು, ಹಣದ ನೆರವನ್ನೂ ನೀಡಿತು. ಭಾರತ ಸರಕಾರವೂ ವಾರ್ಷಿಕ ಸಹಾಯಕ್ಕೆ ಒಪ್ಪಿತು. ೧೯೦೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಸನಬದ್ಧವಾಗಿ ಸ್ಥಾಪಿತವಾಯಿತು. ೧೯೧೧ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ದಾನಿಯು ಮೊದಲ ಹೆಜ್ಜೆಯನ್ನಿಟ್ಟನು, ರಾಜ್ಯವು ನೆಲವನ್ನಿತ್ತಿತು, ಸರಕಾರವು ವರ್ಷ ವರ್ಷದ ಹೊರೆಯನ್ನು ಹೊತ್ತಿತು. ಒಂದು ಕೈಯಿಂದ ಆಗದುದು ಮೂರು ಕೈಗಳಿಂದ ಆಯಿತು.

ಸ್ವತಂತ್ರ ಭಾರತದ ಧೋರಣೆ

೧೯೪೨ರಲ್ಲಿ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಹುಟ್ಟಿತು. ಅದರ ಪ್ರಯೋಗಶಾಲೆಗಳಲ್ಲೊಂದಾದ ಆಹಾರ ಸಂಶೋಧನಾಲಯವು ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ೧೯೫೮ರ ಮಾರ್ಚ್ ೪ರಂದು ಭಾರತ ಸರಕಾರವು ವಿಜ್ಞಾನ ಧೋರಣೆಯ ನಿರ್ಣಯವನ್ನು ಅಂಗೀಕರಿಸಿ, ವಿಜ್ಞಾನವನ್ನು ಬೆಳೆಸುವುದು ರಾಷ್ಟ್ರದ ಕರ್ತವ್ಯವೆಂದು ಸಾರಿತು. ೧೯೭೧ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಏರ್ಪಟ್ಟಿತು.

೨೦೦೩ರ ಧೋರಣೆಯು ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಎರಡು ಪಾಲಾದರೂ ಸಂಶೋಧನೆಗೆ ಸಲ್ಲಬೇಕೆಂದು ಗುರಿಯಿಟ್ಟಿತು. ಗುರಿಯು ಇನ್ನೂ ದೂರವಿದೆ. ೨೦೨೦–೨೧ರ ಸರಕಾರಿ ಅಂಕಿಗಳಂತೆ ದೇಶದಲ್ಲಿ ಸಂಶೋಧನೆಗಾದ ಒಟ್ಟು ವೆಚ್ಚವು ಸುಮಾರು ೧,೨೭,೩೮೦ ಕೋಟಿ ರೂಪಾಯಿ. ಸಂಖ್ಯೆಯು ದೊಡ್ಡದಾಗಿ ಕಂಡರೂ ಅದು ಒಟ್ಟು ಉತ್ಪನ್ನದ ನೂರರಲ್ಲಿ ೦.೬೪ ಪಾಲು, ಎಂದರೆ ನೂರು ರೂಪಾಯಿಗೆ ಅರವತ್ತುನಾಲ್ಕು ಪೈಸೆ! ಚೀನವು ನೂರಕ್ಕೆ ಎರಡಕ್ಕಿಂತಲೂ, ಅಮೇರಿಕವು ಮೂರಕ್ಕಿಂತಲೂ, ದಕ್ಷಿಣ ಕೊರಿಯವು ನಾಲ್ಕಕ್ಕಿಂತಲೂ ಹೆಚ್ಚು ವೆಚ್ಚ ಮಾಡುತ್ತವೆ. ಇನ್ನೊಂದು ಭೇದವೂ ಉಂಟು. ಆ ದೇಶಗಳಲ್ಲಿ ಹೆಚ್ಚಿನ ಹಣವನ್ನು ಉದ್ಯಮಗಳೇ ಹಾಕುತ್ತವೆ; ನಮ್ಮಲ್ಲಿ ಖಾಸಗಿ ಉದ್ಯಮದ ಪಾಲು ನೂರಕ್ಕೆ ಸುಮಾರು ೩೬.

ಈ ಕೊರತೆಯನ್ನು ನೀಗಿಸಲು ಇತ್ತೀಚೆಗೆ ಎರಡು ಏರ್ಪಾಡುಗಳಾಗಿವೆ. ಮೊದಲನೆಯದು, ೨೦೨೩ರ ಶಾಸನದಿಂದ ಸ್ಥಾಪಿತವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ. ೨೦೨೩ರಿಂದ ೨೦೨೮ರ ವರೆಗಿನ ಐದು ವರ್ಷಗಳಿಗೆ ೫೦,೦೦೦ ಕೋಟಿ ರೂಪಾಯಿಗಳ ಅಂದಾಜು. ಅದರಲ್ಲಿ ಕೇಂದ್ರ ಸರಕಾರದ ಪಾಲು ೧೪,೦೦೦ ಕೋಟಿ, ಉಳಿದುದು ಉದ್ಯಮಗಳಿಂದಲೂ ದಾನಿಗಳಿಂದಲೂ ಇತರ ಮೂಲಗಳಿಂದಲೂ ಬರಬೇಕೆಂಬ ಎಣಿಕೆ. ಎರಡನೆಯದು, ೨೦೨೫ರ ಜುಲೈ ೧ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನ ಮತ್ತು ನಾವೀನ್ಯ ನಿಧಿ. ಇದರಿಂದ ಖಾಸಗಿ ಉದ್ಯಮಗಳಿಗೆ ಅಲ್ಪ ಬಡ್ಡಿಯಲ್ಲಿ ಅಥವಾ ಬಡ್ಡಿಯಿಲ್ಲದೆ ದೀರ್ಘಾವಧಿಯ ಸಾಲವು ದೊರೆಯುತ್ತದೆ.

ಇವು ಸ್ವಾಗತಾರ್ಹವಾದುವು. ಆದರೆ ನಾವು ಮೇಲೆ ಕಂಡ ಭೇದವನ್ನು ಇಲ್ಲಿ ಮರೆಯಬಾರದು. ಸಾಲವನ್ನು ಪಡೆದು ಮಾಡುವ ಸಂಶೋಧನೆಯು ಸಾಲವನ್ನು ತೀರಿಸುವಷ್ಟು ಲಾಭ ತರಬೇಕು. ಯಂತ್ರಕ್ಕೆ, ಔಷಧಕ್ಕೆ, ಬೀಜಕ್ಕೆ ಇದು ಒಪ್ಪುತ್ತದೆ. ಒಡ್ಡಿಗೆ, ಕೆರೆಯ ಹೂಳಿಗೆ, ನವಣೆಯ ಬೇಸಾಯಕ್ಕೆ ಯಾರು ಸಾಲ ಮಾಡಿಯಾರು? ಆದುದರಿಂದ ಉದ್ಯಮದ ಹಣವು ಎಷ್ಟು ಬಂದರೂ, ಮಾರಲಾಗದ ವಿದ್ಯೆಗೆ ಸರಕಾರದ ನೇರವಾದ ಹಣವು ಕಡಮೆಯಾಗಕೂಡದು. ಹತ್ತಿಯ ಸುಂಕದಂತಹ ಪ್ರತ್ಯೇಕ ಸುಂಕಗಳು ಈಗ ಇಲ್ಲ. ಎಲ್ಲವೂ ಸಾಮಾನ್ಯ ಆಯವ್ಯಯದಿಂದಲೇ ಬರಬೇಕು. ಆಯವ್ಯಯದಲ್ಲಿ ಹಲವು ಅಗತ್ಯಗಳು ಸ್ಪರ್ಧಿಸುತ್ತವೆ. ಫಲ ಕಾಣಲು ಹತ್ತು ವರ್ಷ ಬೇಡುವ ಕಾರ್ಯವು ಆ ಗದ್ದಲದಲ್ಲಿ ಮೂಲೆಗೆ ಬೀಳುವುದು ಸುಲಭ.

ಹಣಕ್ಕೆ ಲೆಕ್ಕ, ಕಾರ್ಯಕ್ಕೆ ಕಾಲ

ಸಂಶೋಧನೆಗೆ ಸರಕಾರವು ಹಣ ಕೊಡುವ ಕ್ರಮವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ವಿಜ್ಞಾನಿಯು ಮೊದಲು ತಾನು ಏನನ್ನು ಹುಡುಕುವೆನು, ಹೇಗೆ ಹುಡುಕುವೆನು, ಎಷ್ಟು ಕಾಲ ಬೇಕು, ಎಷ್ಟು ಹಣ ಬೇಕು ಎಂಬುದನ್ನು ಬರೆದು ಒಪ್ಪಿಸುತ್ತಾನೆ. ಅದೇ ವಿಷಯವನ್ನು ಬಲ್ಲ ಇತರ ವಿದ್ವಾಂಸರು ಅದನ್ನು ಪರೀಕ್ಷಿಸ

ುತ್ತಾರೆ. ಅವರು ಒಪ್ಪಿದರೆ ಸಮಿತಿಯು ಮಂಜೂರು ಮಾಡುತ್ತದೆ. ಹಣವು ಒಟ್ಟಿಗೆ ಬಾರದೆ ಕಂತು ಕಂತಾಗಿ ಬರುತ್ತದೆ. ಹಿಂದಿನ ಕಂತಿನ ವಿನಿಯೋಗ ಪತ್ರವನ್ನು ಸಲ್ಲಿಸಿದ ಮೇಲೆಯೇ ಮುಂದಿನ ಕಂತು. ಲೆಕ್ಕ ತನಿಖೆಯೂ ಇರುತ್ತದೆ. ಇದು ನ್ಯಾಯವಾದುದೇ, ಏಕೆಂದರೆ ಅಂಗಡಿಯಲ್ಲಿ ಒಂದು ಸೋಪು ಕೊಂಡ ಬಡವನೂ ತೆರಿಗೆಯ ರೂಪದಲ್ಲಿ ಆ ಹಣಕ್ಕೆ ಪಾಲು ಕೊಟ್ಟಿದ್ದಾನೆ.

ಆದರೆ ಲೆಕ್ಕ ಕೇಳುವುದು ಬೇರೆ, ಅವಸರಪಡಿಸುವುದು ಬೇರೆ. ಬಿತ್ತಿದ ಮರುದಿನ ಮಣ್ಣನ್ನು ಕೆದರಿ ಮೊಳಕೆ ಬಂದಿತೇ ಎಂದು ನೋಡುವವನಿಗೆ ಬೆಳೆ ದಕ್ಕುವುದಿಲ್ಲ. ಬರದ ನಾಡಿನ ಪ್ರಯೋಗಕ್ಕಂತೂ ಒಳ್ಳೆಯ ಮಳೆಯ ವರ್ಷವೂ ಬೇಕು, ಕೆಟ್ಟ ವರ್ಷವೂ ಬೇಕು. ಎರಡೇ ವರ್ಷಗಳ ಅಳತೆಯಿಂದ ಏನನ್ನೂ ನಿಶ್ಚಯಿಸಲಾಗದು. ನಡುವೆ ಒಂದು ಕಂತು ತಡವಾಗಿ ಹಂಗಾಮು ತಪ್ಪಿದರೆ, ಹೋದುದು ಕೆಲವು ತಿಂಗಳಲ್ಲ, ಒಂದು ಇಡೀ ವರ್ಷ. ೧೯೨೮ರ ಆಯೋಗವು ಸಂಶೋಧನೆಗೆ ನಿಧಿಯೇ ಇರಬೇಕೆಂದುದರ ಮರ್ಮವನ್ನು ಇಲ್ಲಿ ಅರಿಯಬಹುದು. ಹಣವು ಹೆಚ್ಚಾಗಿರುವುದಕ್ಕಿಂತಲೂ ಎಡೆಬಿಡದೆ ಬರುವುದು ಮುಖ್ಯ.

ವಿದ್ಯಾರ್ಥಿಗಳಿಗೂ ಪೋಷಕರಿಗೂ

ಶಾಲೆಯ ಮಕ್ಕಳಿಗೂ ಈ ಹಣದಲ್ಲಿ ಒಂದು ಪಾಲುಂಟು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ೬ನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳು ತಮಗೆ ತೋಚಿದ ಹೊಸ ಯುಕ್ತಿಯನ್ನು ಶಾಲೆಯ ಮೂಲಕ ಕಳುಹಿಸಬಹುದು. ಆಯ್ಕೆಯಾದವರಿಗೆ ಮಾದರಿಯನ್ನು ತಯಾರಿಸಲು ೧೦,೦೦೦ ರೂಪಾಯಿ ದೊರೆಯುತ್ತದೆ. ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕುಂಟೆಯ ಅಲಗನ್ನು ಹಗುರಗೊಳಿಸುವ ಉಪಾಯವಾಗಲಿ, ಕೊಡವನ್ನು ಹೊರುವ ಅಕ್ಕನ ಹೊರೆಯನ್ನು ಇಳಿಸುವ ಉಪಾಯವಾಗಲಿ ಸಾಕು. ಅದು ಕನ್ನಡದಲ್ಲಿ ಹೊಳೆದರೆ ಅದರ ಬೆಲೆಯೇನೂ ಕಡಮೆಯಾಗದು.

ಪೋಷಕರಲ್ಲಿ ಒಂದು ಮಾತು. ಸಂಶೋಧನೆಯೆಂದರೆ ಹೊಟ್ಟೆಗಿಲ್ಲದ ಕಸುಬೆಂದು ಅನೇಕರು ಮಕ್ಕಳನ್ನು ತಡೆಯುವುದುಂಟು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಶೋಧನೆಗೆ ಸೇರಿದ ಕಿರಿಯ ಸಂಶೋಧಕನಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗಳ ವೇತನವು ನಿಗದಿಯಾಗಿದೆ. ಓದುತ್ತಿರುವಾಗಲೇ ಇಷ್ಟು ದೊರೆಯುವ ದಾರಿಯನ್ನು ಬಡ ಮನೆಯ ಮಗಳಿಗಾಗಲಿ ಮಗನಿಗಾಗಲಿ ಮುಚ್ಚುವುದು ತರವಲ್ಲ.

ನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ರೈತನು ಅರಿಯದೆಯೇ ಅಂಡಿಗೆಗೆ ಎರಡಾಣೆಯನ್ನು ವಿಜ್ಞಾನಕ್ಕೆ ಕೊಟ್ಟನು. ಇಂದು ನಾವು ಅರಿತು ಕೊಡೋಣ. ಅರಿತು ಲೆಕ್ಕ ಕೇಳೋಣ. ಫಲಕ್ಕಾಗಿ ತಾಳ್ಮೆಯಿಂದ ಕಾಯೋಣ. ಹಾಗೆ ಕೂಡಿದ ಹಣವು ಎರೆಯ ಹೊಲದ ತೇವವನ್ನು ಇನ್ನೊಂದು ವಾರ ಹಿಡಿದು ನಿಲ್ಲಿಸುವ ವಿದ್ಯೆಯನ್ನು ತಂದರೆ, ಅದಕ್ಕಿಂತ ದೊಡ್ಡ ಬಡ್ಡಿ ಯಾವುದು? ಆ ವಿದ್ಯೆಯನ್ನು ಕಂಡುಹಿಡಿಯುವವರು ಈ ಲೇಖನವನ್ನು ಓದುತ್ತಿರುವವರಲ್ಲಿಯೇ ಯಾರಾದರೂ ಏಕಾಗಬಾರದು?

ಆಲೋಚಿಸಬೇಕಾದ ಪ್ರಶ್ನೆಗಳು

೧. ಅಂಡಿಗೆಗೆ ಎರಡಾಣೆಯಂತೆ ೪೦ ಲಕ್ಷ ಅಂಡಿಗೆಗಳಿಂದ ಎಷ್ಟು ರೂಪಾಯಿ ಕೂಡುತ್ತದೆ?

೨. ಮಿಶ್ರತಳಿಯ ಬೀಜಕ್ಕೆ ವ್ಯಾಪಾರಿಯು ಹಣ ಹಾಕುತ್ತಾನೆ, ಒಡ್ಡಿಗೆ ಹಾಕುವುದಿಲ್ಲ, ಏಕೆ? ಇಂತಹ ಇನ್ನೆರಡು ಉದಾಹರಣೆಗಳನ್ನು ನಿಮ್ಮ ಊರಿನಿಂದಲೇ ಕೊಡಿರಿ.

೩. ಹಗರಿಯ ಒಣಬೇಸಾಯ ಪದ್ಧತಿಯು ಊರೂರಿಗೆ ಹಬ್ಬದಿರಲು ಕಾರಣಗಳೇನು? ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

೪. ನಿಮ್ಮ ಹೊಲದಲ್ಲಿ ಮಳೆಯ ನೀರು ಯಾವ ಕಡೆಗೆ ಹರಿದುಹೋಗುತ್ತದೆ? ಅದನ್ನು ತಡೆಯಲು ಏನು ಮಾಡಿದ್ದಾರೆ? ಒಂದು ನಕ್ಷೆಯನ್ನು ಬರೆಯಿರಿ.